ಕ್ವೇಕರ್ಸ್ ಹಿಲ್ಲಿನ ಕಾಗದದ ಕವಚ

ಕಾಗದ ಸಾಲದೇ ಹೋದದ್ದೇ ಎಲ್ಲ ರಗಳೆಗೂ ಮೂಲ.

ಗುರುದತ್ತ ವಾರವಿಡೀ ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಯಾವುದೋ ಬ್ಯಾಂಕಿನ ಸಾಫ್ಟ್‌ವೇರು ರಿಪೇರಿ ಮಾಡುತ್ತಿದ್ದ. ಶನಿವಾರ, ಭಾನುವಾರ ಮಾತ್ರ ಕ್ವೇಕರ್ಸ್ ಹಿಲ್ಲಿನ ಮನೆಯ ಗ್ಯಾರೇಜಿನಲ್ಲಿ ಕೂತು ಸಾವಿರ ವರ್ಷದ ಹಿಂದಿನ ಚೀನಾದ ಬಟ್ಟೆ ಹೊಲಿಯುತ್ತಿದ್ದ. ಯಾಕಪ್ಪಾ ಎಂದು ಕೇಳಬೇಡಿ. ಗಾಲ್ಫ್ ಆಡುವವರನ್ನು ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ? ಸಾಂಗ್ ರಾಜರ ಕಾಲದ ಗುಮಾಸ್ತನ ನಿಲುವಂಗಿ ಆಯಿತು, ವ್ಯಾಪಾರಿಯ ಟೋಪಿ ಆಯಿತು. ಈಗ ಕೈ ಹಾಕಿದ್ದು ಸೈನಿಕನ ಕವಚಕ್ಕೆ. ಅದೂ ಕಬ್ಬಿಣದ್ದಲ್ಲ, ಕಾಗದದ್ದು! ಆ ಕಾಲದಲ್ಲಿ ಕಾಗದವನ್ನು ಬಡಿದು ಮೆತ್ತಗೆ ಮಾಡಿ, ಪದರದ ಮೇಲೆ ಪದರ ಪೇರಿಸಿ, ಒತ್ತೊತ್ತಾಗಿ ಹೊಲಿದು ಕವಚ ಮಾಡುತ್ತಿದ್ದರಂತೆ. ಮೈಗೆ ಹಗುರ, ಖರ್ಚು ಕಡಿಮೆ, ನೀರು ಬಿದ್ದರೆ ಇನ್ನೂ ಗಟ್ಟಿ.

ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಇಂಥ ಹಳೇ ಉಡುಪುಗಳನ್ನು ಮತ್ತೆ ಹೊಲಿದು ನೋಡುವ ಹುಚ್ಚಿನವರದೇ ಒಂದು ಕೂಟವಿದೆ. ವರ್ಷಕ್ಕೊಂದು ಪ್ರದರ್ಶನ. ಅದರಲ್ಲಿ ‘ಸಂಪೂರ್ಣ ಅಸಲಿ’ ಎಂಬ ವಿಭಾಗಕ್ಕೆ ಆಯ್ಕೆಯಾದ ಉಡುಪಿಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಮುಂದೊಂದು ಚೀಟಿ. ಗುರುದತ್ತನ ಜೀವ ಇದ್ದದ್ದು ಆ ಚೀಟಿಯಲ್ಲಿ. ಅದರ ಮೇಲೆ ತನ್ನ ಹೆಸರು ಬರುತ್ತದೆ ಎಂದು ಆಫೀಸಿನವರಿಗೆಲ್ಲ ಡಂಗುರ ಹೊಡೆದೂ ಆಗಿತ್ತು. “ಶನಿವಾರ ಆಯ್ಕೆ ಆಗುತ್ತೆ, ಅವತ್ತೇ ಫೋಟೋ ಹಾಕ್ತೀನಿ” ಎಂದು ಮ್ಯಾನೇಜರ್ ಕ್ರೇಗ್‌ಗೂ ಮಾತು ಕೊಟ್ಟಿದ್ದ.

ಆಗಲೇ ಕಾಗದ ಮುಗಿದದ್ದು. ಹಿಪ್ಪುನೇರಳೆ ಜಾತಿಯ ಮರದ ತೊಗಟೆಯಿಂದ ಮಾಡಿದ ಅಸಲಿ ಕಾಗದ ಅದು. ಹೊರಗಿನ ಪದರಗಳಿಗೆ ಸಾಕಾಯಿತು, ಒಳಗಿನವಕ್ಕೆ ಸಾಲಲಿಲ್ಲ. ಹೊಸದು ತರಿಸಲು ಸಮಯವಿರಲಿಲ್ಲ. ಗುರುದತ್ತ ತಲೆಯ ಮೇಲೆ ಕೈ ಹೊತ್ತು ಕೂತಾಗ ಗ್ಯಾರೇಜಿನ ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಗಳು ಕಣ್ಣಿಗೆ ಬಿದ್ದವು. ಕನ್ನಡ ಸಂಘದ ಸ್ಮರಣ ಸಂಚಿಕೆಗಳು! ಸಂಘದ ಕಾರ್ಯದರ್ಶಿ ಎಂಬ ಒಂದೇ ತಪ್ಪಿಗೆ ಅವು ಅವನ ಪಾಲಿಗೆ ಬಂದಿದ್ದವು. ಪುಕ್ಕಟೆ ಕೊಟ್ಟರೂ ಜನ “ಬೇಡ, ಕಾರಲ್ಲಿ ಜಾಗ ಇಲ್ಲ” ಎಂದು ಜಾರಿಕೊಳ್ಳುತ್ತಿದ್ದರು. ಅದರ ಬಹುಪಾಲು ಪುಟಗಳನ್ನು ಸಂಘದ ಅಧ್ಯಕ್ಷ ಪ್ರೇಮನಾಥರ ‘ಸೇತುವೆಯ ಸ್ವಗತ’ವೇ ನುಂಗಿತ್ತು. ಹಾರ್ಬರ್ ಸೇತುವೆ ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವ ಕವನ; ಉದ್ದವೂ ಹೆಚ್ಚುಕಡಿಮೆ ಸೇತುವೆಯಷ್ಟೇ.

“ಒಳಗಿನ ಪದರ ಯಾರು ಬಿಚ್ಚಿ ನೋಡ್ತಾರೆ?” ಎಂದುಕೊಂಡ ಗುರುದತ್ತ, ಮೊದಲ ಪ್ರತಿಯನ್ನು ಕಣ್ಣಿಗೊತ್ತಿಕೊಂಡು, ಪರ್ರನೆ ಹರಿದ.

ಆ ಶನಿವಾರ ಬೆಳಿಗ್ಗೆ ಅವನು ತಾನೇ ಹೊಲಿದ ನಿಲುವಂಗಿ ತೊಟ್ಟು, ಕವಚವನ್ನು ಮೇಜಿನ ಮೇಲೆ ಮಲಗಿಸಿ, ಮಗುವಿನ ಮೈ ಸವರಿದಂತೆ ಸವರುತ್ತಿದ್ದ. ಹೊಲಿಗೆಯೆಂದರೆ ಹೊಲಿಗೆ! ಮಶೀನು ಮುಟ್ಟಿಸದೆ ಒಂದೊಂದನ್ನೂ ಕೈಯಲ್ಲೇ ಹಾಕಿದ್ದ. ಬೆರಳ ತುದಿಯೆಲ್ಲ ತೂತು. ಹೆಂಡತಿ ವಿಜಯಾ ಕೂಡ ಬೆಳಿಗ್ಗೆ ಒಮ್ಮೆ ಬಂದು ನೋಡಿ, “ಚೆನ್ನಾಗಿ ಬಂದಿದೆ ಕಣ್ರೀ” ಎಂದಿದ್ದಳು. ಮದುವೆಯಾದ ಮೇಲೆ ಅವಳು ಅವನ ಕೆಲಸವೊಂದನ್ನು ತಕರಾರಿಲ್ಲದೆ ಒಪ್ಪಿದ್ದು ಅದೇ ಮೊದಲು. ಗುರುದತ್ತನಿಗೆ ಕಣ್ಣು ತುಂಬಿ ಬಂದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ವಾಸಂತಿ ಆಂಟಿ ಹೆಪ್ಪಿಗೆ ಒಂದು ಚೂರು ಮೊಸರು ಕೇಳಿಕೊಂಡು ನೇರ ಗ್ಯಾರೇಜಿಗೇ ಬಂದರು.

“ಏನಪ್ಪಾ ಗುರು, ಹಾಸಿಗೆ ಹೊಲಿದಿದ್ದೀಯಾ?”

“ಕವಚ ಆಂಟಿ. ಇವತ್ತು ಬಿಲ್ಲುಗಾರರ ಕ್ಲಬ್ಬಲ್ಲಿ ಇದರ ಪರೀಕ್ಷೆ. ಮುಟ್ಬೇಡಿ.”

ಮುಟ್ಟಬೇಡಿ ಎಂದರೆ ವಾಸಂತಿ ಆಂಟಿಯ ಕೈ ಅಲ್ಲಿಗೇ ಹೋಗುತ್ತದೆ. ತೋಳಿನ ಹತ್ತಿರ ಒಂದು ನೂಲು ಸಡಿಲವಾಗಿತ್ತು. ಎಳೆದರು. ಹೊಳಪಿನ ಕಾಗದದ ಮೂಲೆಯೊಂದು ಇಣುಕಿತು. ಆಂಟಿ ಕನ್ನಡಕ ಏರಿಸಿಕೊಂಡು ಓದಿದರು: “ಸಬ್ಬಸಿಗೆ ಸೊಪ್ಪು ಒಂದು ಕಟ್ಟು... ಅಯ್ಯೋ! ಇದು ನನ್ನ ಅಕ್ಕಿರೊಟ್ಟಿ ಕಣೋ! ಸಂಚಿಕೇಲಿ ನಾನು ಬರೆದಿದ್ದು!”

“ಆಂಟಿ, ದಮ್ಮಯ್ಯ, ಮೆಲ್ಲಗೆ ಮಾತಾಡಿ. ಯಾರಿಗೂ ಹೇಳ್ಬೇಡಿ.”

“ಛೆ ಛೆ, ನಾನ್ಯಾಕಪ್ಪಾ ಹೇಳ್ಲಿ? ನನ್ನ ಬಾಯಿ ಅಂದ್ರೆ ಬ್ಯಾಂಕ್ ಲಾಕರ್.”

ಆ ಲಾಕರಿಗೆ ಬಾಗಿಲೇ ಇಲ್ಲ ಎನ್ನುವುದು ಇಡೀ ಸಬರ್ಬಿಗೆ ಗೊತ್ತಿತ್ತು. ಗುರುದತ್ತ ಇನ್ನೇನೋ ಹೇಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಪ್ರೇಮನಾಥರು! ಉಡುಪಿ ಕಡೆಯವರು, ಫೋನಿನಲ್ಲೂ ವೇದಿಕೆಯ ಮೇಲಿದ್ದಂತೆಯೇ ಮಾತಾಡುವವರು.

“ಗುರುದತ್ತರೇ, ಎಂತ ಮಾಡ್ತಾ ಇದ್ದೀರಿ? ಮುಂದಿನ ವಾರ ನಮ್ಮ ಸಂಘದ ಬೆಳ್ಳಿಹಬ್ಬ ಅಲ್ವಾ? ಬಂದವರಿಗೆಲ್ಲ ನಮ್ಮ ಸ್ಮರಣ ಸಂಚಿಕೆ ಒಂದೊಂದು ಕೊಡುವ ಅಂತ. ನಾನು ಡಿಕ್ಕಿ ಖಾಲಿ ಮಾಡಿಕೊಂಡು ಈಗ ಹೊರಟೆ.”

ಗುರುದತ್ತ ಮೂಲೆಯ ಖಾಲಿ ಪೆಟ್ಟಿಗೆಗಳತ್ತ ನೋಡಿದ. “ಸರ್, ಇವತ್ತು... ಇವತ್ತು ನಾವ್ಯಾರೂ ಮನೇಲಿರಲ್ಲ ಸರ್.”

“ನೀವು ಇಲ್ಲದಿದ್ದರೆ ಎಂತ ಮಾರಾಯ್ರೆ, ಪೆಟ್ಟಿಗೆ ಇರ್ತದಲ್ಲ!”

ಅವನು ಫೋನಿನಲ್ಲಿ ಬೆವರುತ್ತಿದ್ದಾಗ ವಾಸಂತಿ ಆಂಟಿಯ ಕಣ್ಣು ಅವನ ನಿಲುವಂಗಿಯ ಮೇಲೆ ಬಿತ್ತು. ಎದೆಯ ಮೇಲೆ ಎಡಗಡೆಯ ಸೆರಗು ಮೇಲಿತ್ತು, ಬಲಗಡೆಯದು ಕೆಳಗೆ. “ಬಲಗಡೇದು ಮೇಲೆ ಬರ್ಬೇಕಪ್ಪಾ, ಬಲ ಶುಭ” ಎಂದು ಗೊಣಗಿ, ಅವನಿಗೆ ಗೊತ್ತೇ ಆಗದಂತೆ ಲಾಡಿ ಬಿಚ್ಚಿ, ಅದಲು ಬದಲು ಮಾಡಿ, ಗಂಟು ಹಾಕಿ, ಒಳಗೆ ವಿಜಯಾಳಿಂದ ಮೊಸರು ಇಸಿದುಕೊಂಡು ಹೋದರು.

“ವಿಜಯಾ! ಹೊರಡು, ಹೊರಡು! ಪ್ರೇಮನಾಥ ಬರ್ತಿದಾರೆ!”

ಕವಚವನ್ನು ಡಿಕ್ಕಿಯಲ್ಲಿಡುವಂತಿರಲಿಲ್ಲ, ಮಡಚಿದರೆ ಹೊಲಿಗೆ ಬಿಡುತ್ತದೆ. ಸರಿ, ತೊಟ್ಟುಕೊಂಡೇ ಹಿಂದಿನ ಸೀಟಿಗೆ ನುಗ್ಗಿದ. ನುಗ್ಗಿದನೇನೋ ಸರಿ, ಸೀಟ್ ಬೆಲ್ಟು ಆ ದಪ್ಪಕ್ಕೆ ಸುತ್ತಲೇ ಒಲ್ಲದು. ಮಗಳು ಮಧುರಾ ಹೊರಗಿನಿಂದ ಅವನ ಹೊಟ್ಟೆಯನ್ನು ಮಂಡಿಯಿಂದ ಅದುಮಿ ಅಂತೂ ಬೆಲ್ಟು ಸಿಕ್ಕಿಸಿದಳು. “ಡ್ಯಾಡ್, ಯು ಲುಕ್ ಲೈಕ್ ಎ ಮ್ಯಾಟ್ರೆಸ್” ಎಂದಳು. ಅಪ್ಪನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದಾಗ ದಂಡನಾಯಕನ ಗತ್ತಿನಲ್ಲಿ ಕೈಯೆತ್ತಿದ. ಒಂದು ಮಗು ಸೆಲ್ಯೂಟ್ ಹೊಡೆಯಿತು. ಪ್ರೇಮನಾಥರ ಭಯ ಅರೆಕ್ಷಣ ಮರೆತೇ ಹೋಯಿತು.

ಬಿಲ್ಲುಗಾರರ ಕ್ಲಬ್ಬಿನ ಮೈದಾನದಲ್ಲಿ ಶ್ರೀಮತಿ ಲಿಯು ಕಾಯುತ್ತಿದ್ದರು. ಇದಕ್ಕೆಂದೇ ಮೆಲ್ಬರ್ನಿನಿಂದ ಬಂದವರು. ಬೆಳ್ಳಿಗೂದಲಿನ ನಿವೃತ್ತ ಟೀಚರ್, ಕೂಟದ ತೀರ್ಪುಗಾರ್ತಿ. ಕಾರಿನಿಂದಿಳಿದ ಗುರುದತ್ತನ ಕವಚ ಕಂಡು ಮುಖ ಅರಳಿತು. ಅವನು ಹೆಮ್ಮೆಯಿಂದ ಕವಚ ಕಳಚಿ ಕೊಟ್ಟ. ಒಳಗಿನ ನಿಲುವಂಗಿ ಕಂಡದ್ದೇ ಆಕೆ ಒಂದು ಹೆಜ್ಜೆ ಹಿಂದೆ ಸರಿದರು.

“ಮಿಸ್ಟರ್ ಗುರುದತ್ತ, ನೀವು ಆರೋಗ್ಯವಾಗಿದ್ದೀರಿ ತಾನೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. “ಬಲದ ಸೆರಗು ಮೇಲೆ ಹಾಕಿ ಸುತ್ತುವುದು ಹೆಣಕ್ಕೆ.”

ಗುರುದತ್ತ ಕೆಳಗೆ ನೋಡಿಕೊಂಡ. “ವಾಸಂತಿ ಆಂಟೀ!” ಎಂದು ಹಲ್ಲು ಕಡಿದ.

“ಏನಾಯ್ತ್ರೀ?” ಎಂದಳು ವಿಜಯಾ.

“ನಮ್ಮಲ್ಲಿ ಮದುವೆ ಮನೇಲಿ, ಶ್ರಾದ್ಧಕ್ಕೆ ಹಾಕೋ ಹಾಗೆ ಜನಿವಾರ ಅಪಸವ್ಯ ಹಾಕ್ಕೊಂಡು ನಿಂತ ಹಾಗಾಯ್ತು ಕಣೇ!” ಎಂದು ಕಾರಿನ ಹಿಂದೆ ಓಡಿ, ಸರಿಮಾಡಿಕೊಂಡು ಬಂದ.

ಪರೀಕ್ಷೆ ಸರಳವಾಗಿತ್ತು. ಕವಚವನ್ನು ಹುಲ್ಲಿನ ಬೊಂಬೆಗೆ ತೊಡಿಸುವುದು, ಕ್ಲಬ್ಬಿನ ಬಿಲ್ಲುಗಾರ ಒಂದು ಬಾಣ ಬಿಡುವುದು. ಬಾಣ ಹುಲ್ಲು ಮುಟ್ಟಿದರೆ ಕವಚ ಸೋತಂತೆ. ಗುರುದತ್ತ ಹಳೆಯ ಕ್ರಮದಂತೆ ಕವಚಕ್ಕೆ ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದ. ಅಷ್ಟರಲ್ಲಿ ಒಂದು ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮುಂದಿನ ಬಾಗಿಲಿನಿಂದ ಪ್ರೇಮನಾಥರು ಇಳಿದರು. ಹಿಂದಿನ ಬಾಗಿಲಿನಿಂದ ಬ್ಯಾಂಕ್ ಲಾಕರ್ ಇಳಿಯಿತು.

“ನಾನು ಹೇಳ್ಲಿಲ್ಲ ಗುರು” ಎಂದರು ವಾಸಂತಿ ಆಂಟಿ. “ಅವರು ಕೇಳಿದ್ರು, ಅದಕ್ಕೆ ಹೇಳ್ದೆ.”

“ಎಂತ ಮಾರಾಯ್ರೆ ಇದು?” ಪ್ರೇಮನಾಥರು ವೇದಿಕೆಯ ದನಿಯಲ್ಲೇ ಗುಡುಗಿದರು. “ನನ್ನ ಕವನವನ್ನು ಹರಿದು ಅಂಗಿ ಹೊಲಿದದ್ದಾ? ಸರಸ್ವತಿಯನ್ನು ಸೂಜಿಯಲ್ಲಿ ಚುಚ್ಚಿದ್ದಾ? ಈಗ ಬಾಣವೂ ಬಿಡಿಸ್ತೀರಾ? ನಿಲ್ಲಿಸಿ! ನಿಲ್ಲಿಸಿ ಅಂದೆ!”

ಬಿಲ್ಲುಗಾರನಿಗೆ ಕನ್ನಡ ಬರುತ್ತಿರಲಿಲ್ಲ. ಯಾರೋ ಜೋರಾಗಿ ಕೂಗಿದರು, ಬಿಡು ಎಂದಿರಬೇಕು ಎಂದುಕೊಂಡು ಬಿಟ್ಟೇಬಿಟ್ಟ.

ಥಡ್!

ಬಾಣ ಕವಚದ ಎದೆಗೆ ನಾಟಿ ನಿಂತಿತು. ಶ್ರೀಮತಿ ಲಿಯು ಹೋಗಿ ಬೊಂಬೆಯ ಹಿಂದಿನಿಂದ ಕೈ ತೂರಿಸಿ ನೋಡಿದರು. “ಹುಲ್ಲು ಮುಟ್ಟಿಲ್ಲ” ಎಂದರು. ಗುರುದತ್ತ ಎರಡೂ ಕೈ ಮೇಲೆತ್ತಿ ಕುಣಿದ. ವಿಜಯಾ ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಶ್ರೀಮತಿ ಲಿಯು ಬಾಣದ ಸುತ್ತ ಸಣ್ಣ ಚಾಕುವಿನಿಂದ ಚೌಕ ಕೊಯ್ದು, ಪದರ ಒಂದೊಂದಾಗಿ ಬಿಡಿಸತೊಡಗಿದರು. ಬಾಣ ಎಲ್ಲಿಯವರೆಗೆ ಹೋಗಿದೆಯೆಂದು ನೋಡುವುದು ನಿಯಮವಂತೆ. ಗುರುದತ್ತನ ಕುಣಿತ ನಿಂತಿತು. ಹಿಪ್ಪುನೇರಳೆಯ ಕಾಗದ ಮುಗಿದು, ಹೊಳೆಯುವ ಕನ್ನಡ ಹೊರಬಿತ್ತು.

“ಇದೇನು?”

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. “ಕ್ಷಮಿಸಿ ಮೇಡಂ. ಅಸಲಿ ಕಾಗದ ಸಾಲಲಿಲ್ಲ. ಯಾರೂ ಓದದ ಪುಸ್ತಕ ಬಹಳ ಇದ್ದವು...”

“ಯಾರೂ ಓದದ್ದಾ?” ಎಂದು ಪ್ರೇಮನಾಥರು ಎಗರಿದರು.

ಶ್ರೀಮತಿ ಲಿಯು ಇಬ್ಬರನ್ನೂ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಚೀನಾದ ಪಶ್ಚಿಮದ ಮರಳುಗಾಡಿನಲ್ಲಿ ಹಳೇ ಗೋರಿಗಳನ್ನು ಅಗೆದಾಗ ಕಾಗದದ ಚಪ್ಪಲಿ ಸಿಕ್ಕವು. ಬಿಡಿಸಿ ನೋಡಿದರೆ ಕಚೇರಿಯ ಹಳೇ ಕಾಗದಪತ್ರ! ಬೇಡದ ಕಾಗದವನ್ನು ಯಾರು ತಾನೇ ಎಸೆಯುತ್ತಾರೆ? ಎಷ್ಟೋ ಜನ ದುಬಾರಿ ಕಾಗದ ತಂದು ನನಗೆ ತೋರಿಸಿದರು. ಆ ಕಾಲದವರ ಹಾಗೆ ಯೋಚಿಸಿದವರು ನೀವೊಬ್ಬರೇ. ಇದು ಸಂಪೂರ್ಣ ಅಸಲಿ. ಆ ವಿಭಾಗಕ್ಕೆ ಇಲ್ಲಿಯವರೆಗೂ ಯಾರೂ ಆಯ್ಕೆಯಾಗಿಲ್ಲ, ನೀವೇ ಮೊದಲು.”

ಗುರುದತ್ತನ ಎದೆ ಕವಚವಿಲ್ಲದೆಯೇ ಕವಚದಷ್ಟು ಉಬ್ಬಿತು. ವಿಜಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈ ನಡುವೆ ಪ್ರೇಮನಾಥರು ಕೊಯ್ದ ಪದರಗಳ ಮೇಲೆ ಬಗ್ಗಿದ್ದರು. “ಇಲ್ಲಿ ನೋಡಿ ಮಾರಾಯ್ರೆ. ಜಾಹೀರಾತು, ಹರಿದು ಹೋಗಿದೆ. ವಾಸಂತಿಯವರ ಅಕ್ಕಿರೊಟ್ಟಿ, ತೂತು.”

“ರೊಟ್ಟಿ ಸ್ವಲ್ಪ ತಡೆದಿರುತ್ತೆ ಬಿಡಿ” ಎಂದರು ವಾಸಂತಿ ಆಂಟಿ.

“ಇದು ಕಾರ್ಯದರ್ಶಿಯ ವರದಿ. ಗುರುದತ್ತರೇ, ನಿಮ್ಮದು ಬೆಣ್ಣೆಯಲ್ಲಿ ಹೋದ ಹಾಗೆ ಹೋಗಿದೆ. ಇನ್ನು ಇದು...” ಅವರ ದನಿ ಸಣ್ಣದಾಯಿತು. “ಸೇತುವೆಯ ಸ್ವಗತ! ಇಲ್ಲಿಗೆ ಬಂದು ನಿಂತಿದೆ. ಒಂದು ಅಕ್ಷರ ದಾಟ್ಲಿಕ್ಕೆ ಆಗ್ಲಿಲ್ಲ ಅದಕ್ಕೆ!”

ಕವಚದ ತುಂಬ ಅದೇ ಕವನ ಇದ್ದಾಗ ಬಾಣ ಬೇರೆಲ್ಲಿ ನಿಲ್ಲಬೇಕು? ಆದರೆ ಅದನ್ನು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಪ್ರೇಮನಾಥರು ಗುರುದತ್ತನನ್ನು ಬಾಚಿ ತಬ್ಬಿಕೊಂಡರು. “ಬೆಳ್ಳಿಹಬ್ಬಕ್ಕೆ ಸಂಚಿಕೆ ಬೇಡ ಮಾರಾಯ್ರೆ, ಈ ಒಂದು ಫೋಟೋ ಸಾಕು. ಕನ್ನಡದ ಶಕ್ತಿ ಎಂತದ್ದು ಅಂತ ಮೆಲ್ಬರ್ನಿನವರೂ ನೋಡ್ಲಿ!”

ಶ್ರೀಮತಿ ಲಿಯು ಚೀಲದಿಂದ ಬಿಳಿಯ ಚೀಟಿ ತೆಗೆದು, ಕವನ ಯಾರದೆಂದು ವಿಚಾರಿಸಿ, ಪ್ರೇಮನಾಥರ ಹೆಸರನ್ನು ಅಕ್ಷರ ಅಕ್ಷರ ಕೇಳಿ ಬರೆದುಕೊಂಡರು. ಗುರುದತ್ತ ಉಸಿರು ಬಿಗಿಹಿಡಿದು ಇಣುಕಿದ. ದುಂಡಗಿನ ಇಂಗ್ಲಿಷಿನಲ್ಲಿ ಹೀಗಿತ್ತು: ‘ಕಾಗದದ ಕವಚ, ಸಾಂಗ್ ಕಾಲದ ಕ್ರಮ. ಒಳಗಿನ ಬರಹ: ಕವಿ ಪ್ರೇಮನಾಥ. ಹೊಲಿದವರು: ಗೊತ್ತಿಲ್ಲ.’

“ಗೊತ್ತಿಲ್ಲ ಅಂದರೇನು ಮೇಡಂ? ನಾನೇ ಇಲ್ಲಿ ನಿಂತಿದ್ದೇನಲ್ಲ!”

“ಆ ಕಾಲದ ದಾಖಲೆಯಲ್ಲಿ ಎಷ್ಟು ಕವಚ ಹೊಲಿಸಿದರು, ಯಾವ ಸೈನ್ಯಕ್ಕೆ ಕಳಿಸಿದರು, ಎಲ್ಲ ಇದೆ. ಹೊಲಿದವರು ಯಾರು ಎಂದು ಮಾತ್ರ ಯಾರೂ ಬರೆದಿಡಲಿಲ್ಲ” ಎಂದರು ಆಕೆ ಗೌರವದಿಂದ ತಲೆಬಾಗಿಸಿ. “ಸಂಪೂರ್ಣ ಅಸಲಿ ಎಂದರೆ ಸಂಪೂರ್ಣ ಅಸಲಿ. ಹೆಸರೇ ಬೇಕೆಂದರೆ ‘ಸಾಧಾರಣ’ ವಿಭಾಗಕ್ಕೆ ಹಾಕುತ್ತೇನೆ. ಮಶೀನಿನ ಹೊಲಿಗೆ, ಪ್ಲಾಸ್ಟಿಕ್ ಗುಂಡಿ, ಎಲ್ಲ ಅಲ್ಲಿರುತ್ತವೆ.”

“ಸಾಧಾರಣ? ನನ್ನ ಕವಚ?” ಗುರುದತ್ತನ ಮೈಯೆಲ್ಲ ಉರಿಯಿತು. “ಸಾಧ್ಯವೇ ಇಲ್ಲ!”

“ಹಾಗಾದರೆ ಈ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ.”

ಹಾಕಿದ. ವಾಸಂತಿ ಆಂಟಿ ಪ್ರೇಮನಾಥರ ಫೋಟೋ ತೆಗೆಯುತ್ತಿದ್ದರು; ಕವಿಗಳು ಬಾಣ ಹಿಡಿದು ನಿಂತಿದ್ದರು. “ಗುರು, ಸ್ವಲ್ಪ ಆಚೆ ನಿಂತ್ಕೋಪ್ಪ, ಅಡ್ಡ ಬರ್ತಿದ್ದೀಯ” ಎಂದರು ಆಂಟಿ.

ಫೋನು ಕಿಣಿಕಿಣಿಸಿತು. ಕ್ರೇಗ್‌ನ ಮೆಸೇಜು: ‘ಆಯ್ತಾ? ಫೋಟೋ ಎಲ್ಲಿ? ಎಲ್ಲರೂ ಕಾಯ್ತಿದೀವಿ.’ ಮಾತು ಕೊಟ್ಟ ತಪ್ಪಿಗೆ ಗುರುದತ್ತ ಚೀಟಿಯ ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದ.

‘ಅಭಿನಂದನೆ!’ ಎಂದು ಬಂತು ಉತ್ತರ. ಹಿಂದೆಯೇ ಇನ್ನೊಂದು: ‘ಇದರಲ್ಲಿ ನೀನು ಯಾರು?’

ಗುರುದತ್ತ ನಿಲುವಂಗಿಯ ಸೆರಗು ಸರಿಮಾಡಿಕೊಂಡು, ಎದೆಯೆತ್ತಿ ಟೈಪ್ ಮಾಡಿದ:

‘ಕೊನೇ ಸಾಲು ನೋಡು. ಗೊತ್ತಿಲ್ಲ ಅಂತ ಇದೆಯಲ್ಲ, ಅದೇ ನಾನು.’