ಹಳೇ ಅಯ್ಯನೋರ ಊರುಗೋಲು

ಎಲ್ಲದಕ್ಕೂ ಕಾರಣ ಮೂರಡಿ ಉದ್ದದ ಒಂದು ಬೆತ್ತದ ಕೋಲು.

ಹೆತ್ತೂರಿನಾಚೆ, ಎಸ್ಟೇಟ್ ಕೂಲಿಯವರ ಲೈನಿನ ಮೇಲುಗಡೆ, ಗುಡ್ಡದ ನೆತ್ತಿಯಲ್ಲಿ ತಗಡಿನ ಸೂರಿನ ಪ್ರಾರ್ಥನೆ ಮನೆ. ಹದಿನಾಲ್ಕು ಮನೆಗಳ ಸಭೆ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಪಾದ್ರಿಯಾಗಿದ್ದ ಹಳೇ ಅಯ್ಯನವರು ರಿಟೈರಾಗಿ ಹಾಸನಕ್ಕೆ ಹೊರಟಾಗ ಅವರ ಊರುಗೋಲು ಅಲ್ಲಿನ ಕಿಟಕಿ ಮೂಲೆಯಲ್ಲೇ ಉಳಿಯಿತು. ಆಶೀರ್ವಾದ ಮಾಡಿ ಬಿಟ್ಟುಹೋದರು ಅಂದಿತು ಸಭೆ. ಮಂಡಿನೋವಿನ ಮುದುಕಿಯೊಬ್ಬಳು ಅದನ್ನು ಮುಟ್ಟಿ ಮಾರನೇ ದಿನ ಸರಸರನೆ ಗುಡ್ಡ ಹತ್ತಿದಳಂತೆ. ಆಮೇಲೆ ಹಾಲು ಬಿಡದ ಹಸು, ಮಾತು ಕೇಳದ ಗಂಡ, ಎಲ್ಲಕ್ಕೂ ಕೋಲೇ ಮದ್ದು. ಲೈನಿನವರು ಜಾತಿ ಮತ ನೋಡದೆ ಬಂದು ಮುಟ್ಟಿದರು. ಈಗ ಅದಕ್ಕೆ ಅರಿಶಿನದ ದಾರ, ಕುಂಕುಮದ ಬೊಟ್ಟು, ನಾಲ್ಕು ಹಸಿರು ಬಳೆ. ಧಾರೆಗೆ ನಿಂತ ಮದುವಣಗಿತ್ತಿ ಹಾಗೆ ಮೂಲೆಯಲ್ಲಿ ನಿಂತಿತ್ತು.

ಹೋದ ಭಾನುವಾರ ಸಕಲೇಶಪುರದಿಂದ ಬಂದ ಹೊಸ ಅಯ್ಯನವರು ಬೈಬಲಿನ ಹಿಜ್ಕೀಯ ರಾಜನ ಮೇಲೆ ಪ್ರಸಂಗ ಮಾಡಿದರು. "ಮೋಶೆ ಮಾಡಿದ ತಾಮ್ರದ ಸರ್ಪ ಒಂದು ಕಾಲಕ್ಕೆ ಜನರ ಜೀವ ಉಳಿಸಿದ್ದು ನಿಜ. ಆದ್ರೆ ಜನ ದೇವರನ್ನ ಬಿಟ್ಟು ಅದಕ್ಕೇ ಧೂಪ ಹಾಕೋಕೆ ಶುರು ಮಾಡಿದಾಗ ಹಿಜ್ಕೀಯ ಅದನ್ನ ಚೂರು ಚೂರು ಮಾಡಿದ. ಸಭೆಗೆ ಅಂಥ ಮುಖಂಡ ಬೇಕು." ಕೊನೆಗೆ ಇನ್ನೊಂದು ಮಾತು ಸೇರಿಸಿದರು: ಶನಿವಾರ ಸಾಯಂಕಾಲ ಹಳೇ ಅಯ್ಯನವರೇ ಬರುತ್ತಾರೆ, ಸಭಾಹಿರಿಯನನ್ನು ಅವರೇ ಆರಿಸುತ್ತಾರೆ.

ಮೊದಲ ಸಾಲಿನಲ್ಲಿ ಕೂತಿದ್ದ ಎಸ್ಟೇಟ್ ರೈಟರ್ ದಾವೀದಪ್ಪನ ಕಿವಿ ನೆಟ್ಟಗಾಯಿತು. ಸಭಾಹಿರಿಯನಾಗಬೇಕೆಂದು ಎಂಟು ವರ್ಷದಿಂದ ಕಾದವನು ಅವನು. ಅದಕ್ಕೆಂದೇ ಹೊಲಿಸಿದ್ದ ಕರಿ ಕೋಟು ಈಗ ಹೊಟ್ಟೆ ಹತ್ತಿರ ಸೇರುತ್ತಿರಲಿಲ್ಲ.

"ಸುವಾರ್ತಾ, ಶನಿವಾರ ಆ ಕೋಲಿಗೆ ಒಂದು ಗತಿ ಕಾಣಿಸ್ತೀನಿ" ಅಂದ ಹೆಂಡತಿಗೆ.

"ಹಿಜ್ಕೀಯ ರಾಜಂಗೆ ಸೈನ್ಯ ಇತ್ತು ಕಣ್ರೀ. ನಿಮಗಿರೋಳು ನಾನೊಬ್ಳು. ನಾನಂತೂ ಬರಲ್ಲ."

ಪಕ್ಕದ ಮನೆಯ ಚೌಡಮ್ಮ ಬೇಲಿಯಾಚೆಯಿಂದ ಕೇಳಿಸಿಕೊಂಡಳು. ಲೈನಿನಲ್ಲಿ ಅವಳಿಗೆ ಕೇಳಿಸದ ಮಾತು ಇನ್ನೂ ಹುಟ್ಟಿರಲಿಲ್ಲ.

"ಏನ್ ರೈಟ್ರೇ, ಯಾವನೋ ರಾಜ ಸರ್ಪನ್ನ ಒಡೆದುಬುಟ್ನಂತೆ?"

"ಹೂಂ ಕಣಮ್ಮ. ಒಳ್ಳೇ ರಾಜ."

"ಮಕ್ಳುಮರಿ ಆದ್ವಾ ಆವಯ್ಯಂಗೆ?"

"ಆಗದೇ ಏನು? ಮನಸ್ಸೆ ಅಂತ ಮಗ."

"ಮಗ ಹೆಂಗಿದ್ದ?"

ಯೆಹೂದದ ರಾಜರಲ್ಲಿ ಮನಸ್ಸೆಯಷ್ಟು ಕೆಟ್ಟವನು ಇನ್ನೊಬ್ಬನಿಲ್ಲ ಅನ್ನುವುದು ನೆನಪಾಗಿ ದಾವೀದಪ್ಪ ಕೆಮ್ಮಿದ. "ನಂಗೆ ಆಳುಗಳ ಹಾಜರಿ ಮಸ್ಟರ್ ಬರೆಯೋದೈತೆ" ಅಂತ ಒಳಗೆ ನಡೆದ.

ಹಿಜ್ಕೀಯ ಯಾರಿಗೂ ಅಂಜದೆ ಸರ್ಪ ಒಡೆದ. ದಾವೀದಪ್ಪ ಶನಿವಾರ ಬೆಳಿಗ್ಗೆ ಆರಕ್ಕೆ ಮೂಗಿನವರೆಗೂ ಮಫ್ಲರ್ ಸುತ್ತಿಕೊಂಡು ಗುಡ್ಡ ಹತ್ತಿದ. ಬಳೆ ತೆಗೆದು ಕಿಟಕಿ ಮೇಲಿಟ್ಟು, ಕೋಲನ್ನು ಬೀಸಿ ಕೆಳಗೆ ಎಸ್ಟೇಟ್ ಗೇಟಿನ ಕಡೆ ಇಳಿಜಾರಾಗಿದ್ದ ಕಾಫಿ ತೋಟಕ್ಕೆ ಎಸೆದ. ದೊಡ್ಡ ಹೊರೆ ಇಳಿದ ಹಾಗಾಯಿತು.

ಎಂಟು ಗಂಟೆಗೆ ಜೀಪ್ ಡ್ರೈವರ್ ತಿಮ್ಮಯ್ಯ ಮನೆ ಬಾಗಿಲಲ್ಲಿ ನಿಂತಿದ್ದ. ಎರಡೂ ಅಂಗೈ ಮೇಲೆ ಕೋಲು.

"ರೈಟ್ರೇ, ಎಸ್ಟೇಟ್ ಗೇಟಿನ ಹತ್ರ ಮಲಗಿತ್ತು ಕಣ್ರೀ! ರಾತ್ರಿಯೆಲ್ಲಾ ನಡ್ಕೊಂಡು ಬಂದೈತೆ. ಹಳೇ ಅಯ್ಯನೋರು ಬರ್ತಾರೆ ಅಂತ ಎದುರುಗೊಳ್ಳೋಕೆ ಹೊರಟೈತೆ!"

"ಕೋಲು ನಡೀತದೇನೋ ಮಾರಾಯ?"

"ನಡೀದೆ ಹೆಂಗ್ ಬಂತು ಹೇಳಿ."

ತಾನೇ ಎಸೆದೆ ಅನ್ನುವ ಬದಲು ದಾವೀದಪ್ಪ ಕೋಲನ್ನು ಈಸಿಕೊಂಡ. ಅಷ್ಟರಲ್ಲಿ ಚೌಡಮ್ಮ ಬಂದು ಕೋಲಿನ ತುದಿಗೆ ಕಾಲು ನೋಯಿತೇನೋ ಅಂತ ಎಣ್ಣೆ ಸವರಿದಳು.

ಒಂಬತ್ತರ ಬಸ್ಸಿಗೆ ಜನ ಹತ್ತುವ ಗಲಾಟೆಯಲ್ಲಿ ದಾವೀದಪ್ಪ ಕೋಲನ್ನು ಹಿಂದಿನ ಸೀಟಿನಡಿಗೆ ತಳ್ಳಿ ಇಳಿದುಬಿಟ್ಟ. ಸಕಲೇಶಪುರ ಸೇರಲಿ, ಅಲ್ಲಿಂದ ಎಲ್ಲಿಗಾದರೂ ಹೋಗಲಿ. ಬಸ್ಸು ಮೊದಲ ತಿರುವಿನ ಏರಿನಲ್ಲಿ ಎರಡು ಸಲ ಗೊರಕೆ ಹೊಡೆದು ನಿಂತಿತು. ವಾರಕ್ಕೆ ನಾಲ್ಕು ದಿನ ಅದು ಅಲ್ಲೇ ನಿಲ್ಲುತ್ತಿತ್ತು. ಆದರೆ ಈ ದಿನ ಕಂಡಕ್ಟರ್ ಸೀಟಿನಡಿ ಬಗ್ಗಿ ನೋಡಿದ. ಅರಿಶಿನದ ದಾರ, ಕುಂಕುಮ, ಎಣ್ಣೆ! ಬೆವರುತ್ತ ಸ್ಟಾಪಿನಲ್ಲಿ ನಿಂತವರ ಹತ್ತಿರ ಓಡಿಬಂದ.

"ಯಾರ್ರೀ ಗಾಡಿಗೆ ಮಾಟ ಮಾಡ್ಸಿದ್ದು?"

"ಮಾಟ ಅಲ್ಲ ಕಣಪ್ಪ, ಅಯ್ಯನೋರ ಕೋಲು" ಅಂದಳು ಚೌಡಮ್ಮ. "ಊರು ಬುಟ್ಟು ಹೋಗಲ್ಲ ಅಂತೈತೆ. ಇಳಿಸು, ಗಾಡಿ ತಾನೇ ಹೊರಡ್ತದೆ."

ಇಳಿಸಿದ. ಇಂಜಿನ್ ತಣ್ಣಗಾಗಿತ್ತೋ ಏನೋ, ಗಾಡಿ ಹೊರಟೇಬಿಟ್ಟಿತು. ಕಂಡಕ್ಟರ್ ಕಿಟಕಿಯಿಂದಲೇ ಕೈಮುಗಿದ. ಬಸ್ಸಿನ ತುಂಬ ಇದ್ದ ಜನ ಆ ಸುದ್ದಿಯನ್ನು ಸ್ಟಾಪ್ ಸ್ಟಾಪಿನಲ್ಲೂ ಇಳಿಸಿಕೊಂಡು ಹೋದರು.

ಇನ್ನು ತಡೆದರೆ ಕೆಟ್ಟೆ ಅನ್ನಿಸಿತು ದಾವೀದಪ್ಪನಿಗೆ. ಕೋಲನ್ನು ಕಂಬಳಿಯೊಳಗೆ ಮುಚ್ಚಿ ತಂದು ಬಚ್ಚಲ ಒಲೆಗೆ ತುರುಕಿದ. ಎಣ್ಣೆ ಕುಡಿದ ಬೆತ್ತ ಚಟಪಟ ಉರಿಯಿತು. ಹಂಡೆಯ ನೀರು ಮರಳಿತು. ದಾವೀದಪ್ಪ ಹಿಜ್ಕೀಯನ ಹಾಗೆ ಎದೆ ಸೆಟೆದು ಹೊರಬಂದು ಲೈನಿಗೆಲ್ಲ ಕೇಳುವಂತೆ ಕೂಗಿದ: "ಸುಟ್ಟುಬುಟ್ಟೆ! ಇನ್ನು ಕೋಲೂ ಇಲ್ಲ, ಬಳೆಯೂ ಇಲ್ಲ. ದೇವರೊಬ್ಬನೇ!"

ಜನ ಬೈಯಬಹುದು, ಕಲ್ಲೆಸೆಯಬಹುದು ಅಂದುಕೊಂಡಿದ್ದ. ಎಲ್ಲರೂ ಬೇಲಿ ಹತ್ತಿರ ಬಂದು ಬಚ್ಚಲ ಕಡೆ ಇಣುಕಿದರು. ಆಮೇಲೆ ಚೌಡಮ್ಮ ಮೆತ್ತಗೆ ಕೇಳಿದಳು: "ಬೂದಿ ಎಲ್ಲೈತೆ ರೈಟ್ರೇ?"

ಮೂರು ಗಂಟೆಯ ಹೊತ್ತಿಗೆ ದಾವೀದಪ್ಪನ ಬಚ್ಚಲಿನಿಂದ ಬೇಲಿವರೆಗೆ ಸಾಲು. ಕೈಯಲ್ಲಿ ಲೋಟ, ತೆಂಗಿನ ಚಿಪ್ಪು, ಬೆಂಕಿಪೊಟ್ಟಣ. ಬೆಳಗೋಡಿನಿಂದಲೂ ಇಬ್ಬರು ಬಂದಿದ್ದರು.

"ಪ್ರಾರ್ಥನೆ ಮನೇಲಿದ್ದಿದ್ದನ್ನ ನಮ್ಮ ಬಚ್ಚಲಿಗೆ ತಂದ್ರಲ್ಲ" ಅಂದಳು ಸುವಾರ್ತಮ್ಮ. "ನಾನು ಸ್ನಾನ ಎಲ್ಲಿ ಮಾಡ್ಲಿ?"

ನಾಲ್ಕರ ಬಸ್ಸಿನಿಂದ ಹಳೇ ಅಯ್ಯನವರು ಇಳಿದರು. ಮೈ ತುಂಬಿಕೊಂಡಿದ್ದರು, ಕಾಲು ಎಳೆಯುತ್ತಿದ್ದರು. ಗುಡ್ಡದ ಮೇಲಿನ ತಗಡಿನ ಸೂರು ನೋಡಿ ನಿಟ್ಟುಸಿರು ಬಿಟ್ಟರು.

"ದಾವೀದ, ನನ್ನ ಕೋಲು ತಂದುಕೊಡಪ್ಪ. ಆವತ್ತು ಬಸ್ಸು ಹಾರನ್ ಹೊಡೀತು ಅಂತ ಓಡುವಾಗ ಮರೆತುಬಿಟ್ಟೆ. ಹನ್ನೆರಡು ವರ್ಷ ಏನೇನೋ ಕೋಲು ಹಿಡಿದೆ, ಒಂದೂ ಕೈಗೆ ಒಗ್ಗಲಿಲ್ಲ. ನಿಜ ಹೇಳಬೇಕಂದ್ರೆ ನಾನು ಬಂದಿರೋದೇ ಅದಕ್ಕೆ."

ದಾವೀದಪ್ಪ ಹೇಗೋ ಎಳೆದು ತೊಟ್ಟಿದ್ದ ಕರಿ ಕೋಟಿನ ಗುಂಡಿಯೊಂದು ತಾನಾಗಿ ಕಿತ್ತು ಬಿತ್ತು. ಎಂಟು ವರ್ಷದ ಆಸೆಯೂ ಅದರ ಜೊತೆಗೇ ಉರುಳಿದ ಹಾಗಾಯಿತು. ಕೈಜೋಡಿಸಿ ತೋಟಕ್ಕೆ ಎಸೆದದ್ದು, ಬಸ್ಸು, ಬಚ್ಚಲ ಒಲೆ ಎಲ್ಲವನ್ನೂ ಒಪ್ಪಿಸಿದ.

ಅಯ್ಯನವರು ಬೂದಿಯ ಸಾಲನ್ನು ನೋಡಿದರು, ಕಡಿದಾದ ದಾರಿಯನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಮಾಡಿದ್ದು ಸರಿ ಕಣೋ. ನಾನು ಮರೆತ ಕೋಲು ಇವರಿಗೆ ದೇವರಾಗಿತ್ತು. ಸಭಾಹಿರಿಯ ನೀನೇ."

ದಾವೀದಪ್ಪನಿಗೆ ಕಣ್ಣು ತುಂಬಿ ಬಂತು.

"ಆದ್ರೆ ಜನರ ಕೈಯ ಕೋಲು ಕಿತ್ತವನು ಅವರು ಊರಿಕೊಳ್ಳೋಕೆ ತಾನೇ ನಿಲ್ಲಬೇಕು. ಹಿಜ್ಕೀಯನೂ ನಿಂತಿದ್ದ. ನನ್ನಿಂದಲೇ ಶುರುವಾಗಲಿ, ಭುಜ ಕೊಡು. ನಾನು ಒಂದು ತಿಂಗಳು ಇಲ್ಲೇ ಇರ್ತೀನಿ. ದಿನಕ್ಕೆ ಎರಡು ಹೊತ್ತು ಪ್ರಾರ್ಥನೆ."

ಅಯ್ಯನವರ ಪೂರಾ ಭಾರ ಎಡಭುಜದ ಮೇಲೆ ಬಿತ್ತು. ಮೂಟೆ ಹೊತ್ತ ಎತ್ತಿನ ಹಾಗೆ ದಾವೀದಪ್ಪ ಒಂದೊಂದೇ ಹೆಜ್ಜೆ ಏರತೊಡಗಿದ. ಹಿಂದೆ ಬೂದಿಯ ಸಾಲು ಗುಸುಗುಸು ಅನ್ನುತ್ತ ಮೆಲ್ಲಗೆ ತಿರುಗಿ ಗುಡ್ಡದ ಕಡೆಗೆ ಹೊರಟಿತು.

ಅರ್ಧ ದಾರಿಯಲ್ಲಿ ಯಾರೋ ದಾವೀದಪ್ಪನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇನ್ನೊಬ್ಬರು ಮುಟ್ಟಿ ಮಂಡಿ ಸವರಿಕೊಂಡರು.

"ಏಯ್, ಏನ್ರೋ ಇದು!" ಅಂದ. ಕೊಡವಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಅಯ್ಯನವರಿದ್ದರು.

"ಅಲ್ಲಾಡಬೇಡಿ ರೈಟ್ರೇ" ಅಂದಳು ಹಿಂದಿನಿಂದ ಚೌಡಮ್ಮ, ಅವನ ತೋಳಿಗೆ ಹೊಸ ಅರಿಶಿನದ ದಾರ ಬಿಗಿಯುತ್ತ. "ಕೋಲು ಯಾವತ್ತಾದ್ರೂ ಮಾತಾಡಿತ್ತಾ?"