ಕೆಂಪು ಕಾರಿಗೆ ಮೊದಲು ಹಾಕಿಸಿದ್ದು

ಡ್ರೈವಿಂಗ್ ಸ್ಕೂಲ್ ನಡೆಸುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಬೆಳಗ್ಗೆ ಆರು ಗಂಟೆಗೇ ಬಂದು ಪಕ್ಕದ ಸೀಟಿನಲ್ಲಿ ಕೂತಿರುತ್ತದೆ. ಮೊದಲ ದಿನ ಕಾರು ಹತ್ತುವಾಗ ಭಕ್ತಿಯಿಂದ ಚಪ್ಪಲಿ ಕಳಚಿ ರಸ್ತೆಯ ಮೇಲೆ ಬಿಟ್ಟು, ಹುಲಕೋಟಿ ದಾಟಿದ ಮೇಲೆ "ಮೇಡಮ್ಮಾರ, ನನ್ನ ಚಪ್ಪಲಿ?" ಎಂದು ಕೇಳಿದವರನ್ನು ನಾನು ಕಂಡಿದ್ದೇನೆ.

ಬೆಟಗೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕೆಲಸ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಕಡೆ ಹೋದರೂ ಎದುರಿಗೆ ಬರುವ ಕಾರನ್ನು ನೋಡಿಯೇ ಅದನ್ನು ನಡೆಸುವವರು ನನ್ನ ಕೈಯಲ್ಲಿ ಕಲಿತವರೋ ಅಲ್ಲವೋ ಹೇಳಬಲ್ಲೆ. ನನ್ನವರು ದಾರಿ ಬಿಡುತ್ತಾರೆ. ನಾನು ಎಲ್ಲರಿಗೂ ಕಲಿಸುವ ಮೊದಲ ಪಾಠ ಒಂದೇ: "ಮೊದಲು ಬ್ರೇಕ್, ಆಮೇಲೆ ಉಳಿದದ್ದು." ಕಲಿಸುವವರ ಕಾರಿನಲ್ಲಿ ಎಡಗಡೆಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ನನ್ನ ಎರಡು ಕಾಲುಗಳು ಅರ್ಧ ಜಿಲ್ಲೆಯ ಜೀವ ಉಳಿಸಿವೆ ಎಂದರೆ ಅದು ಜಂಬವಲ್ಲ, ಲೆಕ್ಕಕ್ಕೆ ಸಿಗದ ಸತ್ಯ.

ಇಂಥ ನಾನು ನಲವತ್ತೇಳನೇ ವಯಸ್ಸಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ಕೊಂಡೆ. ಹಳೆಯದು, ಎರಡೇ ಬಾಗಿಲು, ಎರಡೇ ಸೀಟು, ಕುಂಕುಮದಂಥ ಕೆಂಪು ಬಣ್ಣ. ಅದಕ್ಕೆ ಮೊದಲು ಏನು ಹಾಕಿಸಬೇಕು ಎನ್ನುವುದೇ ಎರಡು ತಿಂಗಳು ನಮ್ಮ ಓಣಿಯ ಮಾತಾಯಿತು. ನನ್ನ ಪಟ್ಟಿ ಮೊದಲೇ ತಯಾರಿತ್ತು: ಮೊದಲು ಹೊಸ ಬ್ರೇಕ್ ಪ್ಯಾಡು, ಆಮೇಲೆ ಒಳ್ಳೆಯ ಟೈರು, ಸಪ್ಪಳ ಸಿಂಗಾರವೆಲ್ಲ ಕೊನೆಗೆ. ಓಣಿಯ ಪಟ್ಟಿ ಬೇರೆಯೇ ಇತ್ತು.

ಎಡಗಡೆಯ ಬಾಗಿಲು

ಕಾರು ತರಲು ಹುಬ್ಬಳ್ಳಿಗೆ ಒಬ್ಬಳೇ ಹೋಗಿದ್ದೆ. ಮಾರುವವರು ಬಲು ಸಭ್ಯ ಮನುಷ್ಯರು. ಕೀಲಿಕೈಯನ್ನು ತಟ್ಟೆಯಲ್ಲಿಟ್ಟು, ಹೂವಿನ ಸಮೇತ ಕೊಟ್ಟರು. ನಾನು ಗತ್ತಿನಿಂದ ಬಾಗಿಲು ತೆರೆದು, ಒಳಗೆ ಕೂತು, ಬೆಲ್ಟ್ ಹಾಕಿಕೊಂಡು ಕಾದೆ. ಅವರೂ ಹೊರಗೆ ಕೈಕಟ್ಟಿ ನಿಂತು ಕಾದರು. ಎರಡು ನಿಮಿಷವಾಯಿತು. ಕಡೆಗೆ ಅವರು ಕಿಟಕಿಗೆ ಬಾಗಿ ಮೆಲ್ಲಗೆ ಕೇಳಿದರು:

"ಮೇಡಂ, ನಿಮ್ಮ ಡ್ರೈವರ್ ಎಷ್ಟೊತ್ತಿಗೆ ಬರ್ತಾರ್ರಿ?"

ನೋಡಿದರೆ ನಾನು ಎಡಗಡೆ ಕೂತಿದ್ದೆ.

ಹಾಸಿಗೆ ಇದ್ದಷ್ಟು

ಈ ಕಾರಿನ ಹಿಂದೆ ನನ್ನ ಅಪ್ಪನ ಒಂದು ಮಾತಿತ್ತು. ಅಪ್ಪ ಐವತ್ತು ವರ್ಷ ಮನೆಯ ಪಡಸಾಲೆಯ ಕುಣಿಮಗ್ಗದಲ್ಲಿ, ಕುಣಿಯೊಳಗಿನ ತುಳಿಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ, ಸೀರೆ ನೇಯ್ದವನು. ಒಂದೂವರೆ ವರ್ಷದ ಹಿಂದೆ ಕಣ್ಣು ಸಹಕರಿಸದೆ ಮಗ್ಗ ಬಿಟ್ಟ. ಮಗ್ಗ ನಿಂತರೂ ಕಾಲು ನಿಂತಿಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗಲೂ ಬಲಗಾಲು ಒಮ್ಮೆ, ಎಡಗಾಲು ಒಮ್ಮೆ ಗಾಳಿಯನ್ನು ತುಳಿಯುತ್ತಿರುತ್ತವೆ.

ನಾನು ಸ್ಕೂಲ್ ತೆರೆದ ದಿನ ಅಪ್ಪ ಹೇಳಿದ್ದ: "ನೀ ಎಡಕ್ಕ ಕುಂತು ಮಂದಿ ಕೈಯಾಗ ಗಾಡಿ ಕೊಡಾಕಿ. ಅದರಾಗ ಕುಂತು ನಾ ಯಾಕ ಜೀವಾ ಕೊಡ್ಲಿ? ನೀನ ನಡಸೂ ಗಾಡಿ ತಾ ಯವ್ವಾ. ಮೊದಲ ನಾನ ಕೂಡ್ತೀನಿ."

ಆ ಮಾತು ಈಗ ಬರಿಯ ಮಾತಾಗಿ ಉಳಿದಿರಲಿಲ್ಲ. ಲಕ್ಕುಂಡಿಯಲ್ಲಿ ಅಪ್ಪನ ಅಕ್ಕ, ನನ್ನ ಅತ್ತಿ, ಇದ್ದಾಳೆ. ಅಪ್ಪ ಬಸ್ಸಿನ ಮೆಟ್ಟಿಲು ಏರಲಾರ, ಮಂದಿಯ ಗಾಡಿ, ನನ್ನ ಸ್ಕೂಲಿನ ಗಾಡಿ ಎರಡನ್ನೂ ಹತ್ತಲೊಲ್ಲ. ಹಾಗಾಗಿ ಅಕ್ಕನ ಮುಖ ನೋಡಿ ಒಂದೂವರೆ ವರ್ಷ. ದಿನಾ ಫೋನಿನಲ್ಲಿ ಇಬ್ಬರೂ ಜಗಳಾಡುತ್ತಾರೆ. ಎದುರು ಕೂತು ಜಗಳಾಡಿದ ಸುಖ ಇದರಲ್ಲಿಲ್ಲ ಎನ್ನುವ ಕೊರಗು ಇಬ್ಬರಿಗೂ ಇದೆ. ಅಪ್ಪನನ್ನು ಮೊದಲು ಕೂರಿಸಿಕೊಂಡು ಲಕ್ಕುಂಡಿಗೆ ಹೋಗಬೇಕು, ಇದು ನನ್ನ ಹಟ.

ಕಾರು ಮನೆ ಮುಂದೆ ನಿಂತಿತು. ಅಪ್ಪನ ಸೊಂಟಕ್ಕೂ ಬಾರದಷ್ಟು ಎತ್ತರ. ಅಪ್ಪ ಒಂದು ಸುತ್ತು ಹಾಕಿ, ಬಾಗಿ ನೋಡಿ, ಅಂದ:

"ಹಾಸಿಗಿ ಇದ್ದಷ್ಟು ಕಾಲ ಚಾಚು ಅಂತ ಹೇಳಿದ್ದೆ ಖರೆ. ನೀ ಹಾಸಿಗೀನ ತಂದೀಯಲ್ಲ."

ರೆಕ್ಕೆ

ಮುಂಡರಗಿಯ ಒಬ್ಬ ಬಟ್ಟೆ ವ್ಯಾಪಾರಿ ನನ್ನ ಹಳೆಯ ಶಿಷ್ಯರು. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ ನಾಲ್ಕನೇ ಸಲ ಪಾಸಾದವರು. ಪ್ರತಿ ಸಲವೂ ಗಾಡಿ ಜಿಗಿದು ಜಿಗಿದು ಬಂದ್ ಬೀಳುತ್ತಿತ್ತು, ಪ್ರತಿ ಸಲವೂ ಅವರು ಬೈಯುತ್ತಿದ್ದದ್ದು ರಸ್ತೆಯನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರಿಗೆ ನಾನು ಎಷ್ಟು ಸಲ "ಅರ್ಧ ಕ್ಲಚ್, ಅರ್ಧ ಕ್ಲಚ್" ಎಂದಿದ್ದೇನೆ ಎಂದರೆ, ಒಂದು ದಿನ ದೇವರ ಮುಂದೆ ಕೈಮುಗಿದಾಗಲೂ ನನ್ನ ಬಾಯಿಂದ ಅದೇ ಬಂತು.

ಕಾರಿನ ಸುದ್ದಿ ಕೇಳಿ ಅವರು ಬಂದೇಬಿಟ್ಟರು.

"ಮೇಡಮ್ಮಾರ, ಮೊದಲ ಸೈಲೆನ್ಸರ್ ಬದಲಾಸ್ರಿ. ಸಪ್ಳ ಇಲ್ಲಂದ್ರ ಇದು ಸ್ಪೋರ್ಟ್ಸ್ ಕಾರು ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?"

"ಸಪ್ಳ ಮಾಡಿ ತೋರಿಸೂವಂಥಾದ್ದು ಏನೂ ಇಲ್ರಿ," ಎಂದೆ. "ಮೊದಲು ಬ್ರೇಕ್."

"ಹಂಗಾರ ಹಿಂದ ಒಂದು ರೆಕ್ಕಿನರ ಹಾಕಸ್ರಿ."

ನಮ್ಮ ಮಿಸ್ತ್ರಿ ಅದೇ ದಿನ ಎಲ್ಲಿಂದಲೋ ಒಂದು ಹಳೆಯ ಸ್ಪಾಯ್ಲರ್ ರೆಕ್ಕೆ ತಂದು, ನೋಡಾಕಷ್ಟೇ ಎಂದು ಹಿಂದೆ ಬಿಗಿದ. ನನ್ನ ಕಾರುಗಳನ್ನೆಲ್ಲ ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತಿರುವವನು ಅವನೇ. ಅವನಿಗೆ ಬೇಡ ಎಂದರೆ ನಾಳೆ ಎಂದು ಕೇಳಿಸುತ್ತದೆ.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ, ಪಕ್ಕದ ಮನೆಯ ನೇಕಾರ ಹೆಂಗಸು ಬಣ್ಣ ಹಾಕಿದ ನೂಲಿನ ಲಡಿಗಳನ್ನು ಆ ರೆಕ್ಕೆಯ ಮೇಲೆ ಸಾಲಾಗಿ ಒಣಹಾಕಿದ್ದಾಳೆ. ಹಳದಿ ನೀರು ಕೆಂಪು ಕಾರಿನ ಮೇಲೆ ಹರಿಯುತ್ತಿದೆ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತದ್ದನ್ನು ಕಂಡು ಅವಳೇ ಮೊದಲು ಮಾತಾಡಿದಳು:

"ಎತ್ತರಾನೂ ಸರಿ ಐತಿ, ಗಾಳೀನೂ ಚಲೋ ಬರ್ತೈತ್ರಿ ಅಕ್ಕಾರ. ಇನ್ನೊಂದು ಹಾಕಸ್ರಿ, ಒಂದು ಸಾಲಂಗಿಲ್ಲ."

ಶಿರಹಟ್ಟಿ ದಾರಿಯ ದಿಬ್ಬ

ರೆಕ್ಕೆ ಬಿಚ್ಚಿಸಿದೆ. ಹೊಸ ಬ್ರೇಕ್ ಪ್ಯಾಡು ಬರಲು ಇನ್ನೂ ದಿನವಿತ್ತು. ಅಷ್ಟರಲ್ಲಿ ಒಂದು ಭಾನುವಾರ ಶಿರಹಟ್ಟಿ ಕಡೆ ಹೊರಟೆ. ದಾರಿಯ ಒಂದು ಹಳ್ಳಿಯಲ್ಲಿ ಊರವರೇ ಸೇರಿ ಕಟ್ಟಿದ ಒಂದು ರಸ್ತೆ ದಿಬ್ಬವಿದೆ. ಅದನ್ನು ಕಟ್ಟಿದವರು ಕಾರನ್ನಲ್ಲ, ಆನೆಯನ್ನು ತಡೆಯಬೇಕೆಂದಿದ್ದರೋ ಏನೋ. ಮುಂದಿನ ಗಾಲಿ ದಾಟಿತು, ಹಿಂದಿನದು ದಾಟಲಿಲ್ಲ. ಕಾರು ದಿಬ್ಬಕ್ಕೆ ಹೊಟ್ಟೆ ಹಚ್ಚಿ ನಿಂತುಬಿಟ್ಟಿತು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಂದರು. ಒಬ್ಬ ಮುದುಕ ಬಗ್ಗಿ ನೋಡಿ ಎಲ್ಲರನ್ನೂ ಸುಮ್ಮನಿರಿಸಿದ:

"ತಡೀರ್ಲೇ, ಎಬ್ಬಸಬ್ಯಾಡ್ರಿ. ಪಾಪ, ದಣದು ಮಲಗೇತಿ."

ಎಂಟು ಜನ ಎತ್ತಿ ಆಚೆ ಇಟ್ಟರು. ಊರಿಗೆ ಬಂದು ಮಿಸ್ತ್ರಿಗೆ ತೋರಿಸಿದೆ. ಅವನು ಕಾರಿನ ಕೆಳಗೆ ಕೈ ತೂರಿಸಲು ನೋಡಿದ. ಬರಿಯ ಬೆರಳು ಹೋದವು.

"ಅಕ್ಕಾರ, ಮೊದಲನೇ ಕೆಲಸ ಇದ. ದಪ್ಪ ಸ್ಪ್ರಿಂಗ್ ಹಾಕಿ ಒಂದು ಗೇಣು ಏರಿಸಿಬಿಡ್ತೀನಿ. ದಿಬ್ಬಾನೂ ದಾಟ್ತೈತಿ, ಅಪ್ಪಾರೂ ಆರಾಮ ಹತ್ತತಾರ."

"ಅಷ್ಟು ಏರಿಸಿದ್ರ ಇದು ಸ್ಪೋರ್ಟ್ಸ್ ಕಾರ ಎಲ್ಲಿ ಉಳೀತೈತೋ? ಜೀಪ್ ಆಗ್ತೈತಿ."

ಮಿಸ್ತ್ರಿ ನಿಜವಾಗಿ ಗೊಂದಲಕ್ಕೆ ಬಿದ್ದ. "ಆಗ್ಲೇಳ್ರಿ. ಜೀಪು ಇದಕ್ಕಿಂತ ಚಲೋ ಗಾಡಿ ಅಲ್ಲೇನ್ರಿ?"

ಇಳಿಯುವ ವಿದ್ಯೆ

ಆದರೆ ಅಪ್ಪನ ಮಾತು ಬಂದಾಗ ನನ್ನ ಗತ್ತು ಸ್ವಲ್ಪ ಇಳಿಯಿತು. ಈ ಕಾರಿನೊಳಗೆ ಎಪ್ಪತ್ತೆಂಟರ ಮುದುಕ ಹೇಗೆ ಹೋದಾನು? ಮೊದಲ ಸಲ ನಾನೂ ತಲೆ ಬಡಿಸಿಕೊಂಡಿದ್ದೆ. ಒಂದು ಸಂಜೆ ಮನೆ ಮುಂದೆ ಇದರದೇ ಪಂಚಾಯ್ತಿ ಕೂಡಿತು. ಮುಂಡರಗಿಯ ವ್ಯಾಪಾರಿ, ಪಕ್ಕಕ್ಕೆ ಸ್ಟೂಲ್ ಇಟ್ಟು ಇಳಿಸೋಣ ಎಂದರು. ಪಕ್ಕದ ಮನೆಯವಳು, ಮೇಲಿನ ತಗಡು ಕೊಯ್ದು ತೆಗೆದರೆ ಮೇಲಿಂದಲೇ ಬಿಡಬಹುದು ಎಂದಳು. ಮಿಸ್ತ್ರಿ ಸ್ಪ್ರಿಂಗ್ ಬಿಟ್ಟು ಬೇರೆ ಮಾತಾಡಲಿಲ್ಲ. ಏರಿಸಲೇಬೇಕೇನೋ ಎಂದು ನನ್ನ ಬಾಯಿಗೂ ಬಂದಿತ್ತು.

ಅಪ್ಪ ಚಹಾದ ಕಪ್ಪು ಕೆಳಗಿಟ್ಟು ಎದ್ದ. ಟವೆಲ್ಲನ್ನು ಹೆಗಲಿಗೆ ಹಾಕಿ ಎಡಗಡೆಯ ಬಾಗಿಲು ತೆರೆಸಿದ. ಕಾರಿಗೆ ಬೆನ್ನು ಮಾಡಿ, ಒಂದು ಅಂಗೈ ಸೀಟಿನ ಅಂಚಿಗೆ ಊರಿ, ಸರಕ್ಕನೆ ಕೂತ. ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ಎಳೆದುಕೊಂಡು ಮುಂದಕ್ಕೆ ಬಿಟ್ಟ. ತಲೆಗೆ ಏನೂ ತಾಗಲಿಲ್ಲ. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ. ಐವತ್ತು ವರ್ಷ ದಿನಾ ಬೆಳಗ್ಗೆ ಅಪ್ಪ ಕುಣಿಮಗ್ಗಕ್ಕೆ ಹೀಗೆಯೇ ಇಳಿಯುತ್ತಿದ್ದ, ನೆಲದ ಅಂಚಿಗೆ ಕೂತು, ಕಾಲನ್ನು ಕುಣಿಯೊಳಗೆ ಬಿಟ್ಟು. ಏರುವುದು ಅಪ್ಪನಿಗೆ ಆಗುತ್ತಿರಲಿಲ್ಲ. ಇಳಿಯುವುದು ಅವನ ಹುಟ್ಟುವಿದ್ಯೆ.

"ಇದು ಮಗ್ಗಾನ ಐತಲ್ಲೋ!" ಎಂದ ಅಪ್ಪ. "ಇಷ್ಟು ದಿನಾ ಕಾರು ಕಾರು ಅಂತ ಸುಮ್ನ ಹೆದರಸಿದ್ರಿ."

ನನಗೆ ಕಣ್ಣು ತುಂಬಿ ಬಂತು. ಯಾರಿಗೂ ಕಾಣದಿರಲಿ ಎಂದು ಬಾಗಿಲ ಹಿಡಿಕೆಯನ್ನು ಸೆರಗಿನಿಂದ ಒರೆಸುತ್ತ ನಿಂತೆ.

ಇದನ್ನು ನೋಡಿ ಮುಂಡರಗಿಯವರಿಗೂ ಹುರುಪು ಬಂತು. ಬಲಗಡೆಯಿಂದ ತಲೆ ಮುಂದೆ ಮಾಡಿ ನುಗ್ಗಿದರು. ಅರ್ಧಕ್ಕೆ ಸಿಕ್ಕಿಬಿದ್ದು ಹೊರಗೂ ಬಾರದೆ ಒಳಗೂ ಹೋಗದೆ ಒದ್ದಾಡತೊಡಗಿದರು. ಅಪ್ಪ ಗುರುವಿನ ಗಾಂಭೀರ್ಯದಲ್ಲಿ ಹೇಳಿದ:

"ಮೊದಲ ಕುಂಡಿ, ಸಾವ್ಕಾರ್ರ. ಆಮ್ಯಾಲೆ ಉಳದದ್ದು."

ಕೊನೆಗೂ ಹಾಕಿಸಿದ್ದು

ಮರುದಿನವೇ ಲಕ್ಕುಂಡಿಗೆ ಹೊರಟೆವು. ಓಣಿಯ ಮೂಲೆಯನ್ನೂ ದಾಟಿರಲಿಲ್ಲ, ಅಪ್ಪ "ನಿಲ್ಲಸ, ನಿಲ್ಲಸ!" ಎಂದು ಕೂಗಿದ. ನೋಡಿದರೆ ಬೆವರಿದ್ದಾನೆ. ಕಾಲುಗಳು ಕೆಳಗೆ ಏನನ್ನೋ ಹುಡುಕುತ್ತಿವೆ.

"ಏನಾತಪಾ? ನಾ ಜೋರೇನೂ ಹೊಡದಿಲ್ಲಲ್ಲ."

"ಜೋರಿಂದಲ್ಲ. ಕಾಲಿಗೆ ಕೆಲಸಾನ ಇಲ್ಲ. ಮಗ್ಗದಾಗ ಕುಂತಂಗ ಕೂಡಸೀದಿ, ತುಳಿಯಾಕ ಏನೂ ಇಟ್ಟಿಲ್ಲ. ಕಾಲ ಸುಮ್ನ ಚಾಚಿಕೊಂಡು ಹೋಗೂದಂದ್ರ ನಾಕ ಮಂದಿ ಹೊತಗೊಂಡು ಹೊಂಟಂಗ ಆಗ್ತೈತಿ. ನಾ ಇನ್ನೂ ಅದಕ್ಕ ತಯಾರಿಲ್ಲ."

ಅಪ್ಪ ಇಳಿದು ನಡೆದೇ ಮನೆಗೆ ಹೋದ. ಅತ್ತಿ ಫೋನ್ ಮಾಡಿದಳು. "ನಾಳೆ ಬರ್ತೀನಿ" ಎಂದು ಅಪ್ಪ ಸುಳ್ಳು ಹೇಳಿದ್ದನ್ನು ಕೇಳಿಸಿಕೊಂಡೆ. ನನಗೆ ತಡೆಯಲಾಗಲಿಲ್ಲ. ನನ್ನ ಹಳೆಯ ತರಬೇತಿ ಕಾರೊಂದು ಮೂಲೆ ಹಿಡಿದಿತ್ತು. ಅದನ್ನು ತೋರಿಸಿ ಮಿಸ್ತ್ರಿಗೆ ಹೇಳಿದೆ:

"ಇದರ ಎಡಗಡೆ ಕ್ಲಚ್ಚು, ಬ್ರೇಕು ಬಿಚ್ಚು. ಕೆಂಪು ಕಾರಿಗೆ ಹಾಕು."

ಮಿಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಅಕ್ಕಾರ, ರೆಕ್ಕಿ ಬ್ಯಾಡಂದ್ರಿ, ಸಪ್ಳ ಬ್ಯಾಡಂದ್ರಿ, ಸ್ಪ್ರಿಂಗ್ ಬ್ಯಾಡಂದ್ರಿ. ಬ್ರೇಕ್ ಪ್ಯಾಡ್ ಇನ್ನೂ ಬಂದಿಲ್ಲ. ಈ ರಾಜಾನಂಥಾ ಗಾಡಿಗೆ ಮೊದಲ ಇದಾ?"

"ಮೊದಲು ಬ್ರೇಕ್ ಅಂತ ನಾ ಎರಡು ತಿಂಗಳಿಂದ ಹೇಳಾಕತ್ತಿಲ್ಲೇನ?"

ಮತ್ತೆ ಹೊರಟೆವು. ಅಪ್ಪನ ಕಾಲಿಗೆ ಎರಡು ಪೆಡಲ್ ಸಿಕ್ಕವು, ಮುಖಕ್ಕೆ ಕಳೆ ಬಂತು. ಮೂಲೆ ದಾಟಿದೆವು. ಪೇಟೆ ದಾಟಿದೆವು. ಊರ ಹೊರಗೆ ಬಂದು ರಸ್ತೆ ಬಿಚ್ಚಿಕೊಂಡದ್ದೇ ತಡ, ಅಪ್ಪನ ಕಾಲುಗಳು ಐವತ್ತು ವರ್ಷದ ಕೆಲಸಕ್ಕೆ ಹತ್ತಿದವು. ಎಡಗಾಲು, ಬಲಗಾಲು. ಎಡಗಾಲು, ಬಲಗಾಲು. ಕ್ಲಚ್ಚು, ಬ್ರೇಕು. ಕ್ಲಚ್ಚು, ಬ್ರೇಕು. ಕಾರು ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು. ಮಗ್ಗದ ತಾಳ ಒಂದು ಚೂರೂ ತಪ್ಪಲಿಲ್ಲ. ಹೊಲಕ್ಕೆ ಹೊರಟ ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹೋಯಿತು. ಅದರ ಹಿಂದೆ ಒಂದು ಎತ್ತಿನ ಬಂಡಿಯೂ ದಾಟಿತು. ಬಂಡಿಯವನು ಹಿಂದಿರುಗಿ ನೋಡುತ್ತಲೇ ಇದ್ದ.

ಅಷ್ಟರಲ್ಲಿ ಕೊಪ್ಪಳದ ಕಡೆಯಿಂದ ವ್ಯಾಪಾರ ಮುಗಿಸಿಕೊಂಡು ಬರುತ್ತಿದ್ದ ಮುಂಡರಗಿಯವರು ಎದುರಾದರು. ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ನನ್ನ ಅವಸ್ಥೆಯನ್ನು ಕಣ್ತುಂಬ ನೋಡಿದರು. ನಾಲ್ಕು ಪರೀಕ್ಷೆಗಳ ಸೇಡು ಅವರ ಮುಖದಲ್ಲಿ ಅರಳಿತು.

"ಅರ್ಧ ಕ್ಲಚ್, ಮೇಡಮ್ಮಾರ! ಅರ್ಧ ಕ್ಲಚ್!"

ಎರಡು ತಾಸಿಗೆ ಲಕ್ಕುಂಡಿ ಮುಟ್ಟಿದೆವು. ಅತ್ತಿ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಎರಡೂ ಕಾಲು ಹೊರಗಿಟ್ಟು, ಅಂಗೈ ಊರಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತ. ಒಂದೂವರೆ ವರ್ಷದ ಮೇಲೆ ಅಕ್ಕ ತಮ್ಮ ಮುಖಾಮುಖಿಯಾದರು. ಅತ್ತಿ ತಮ್ಮನ ಕೆನ್ನೆ ಸವರಿ, ಕಣ್ಣೊರೆಸಿಕೊಂಡು, ಒಡನೆ ಜಗಳ ಶುರುಮಾಡಿದಳು:

"ಮುಂಜಾನಿಂದ ಕಾದು ಕಾದು ಸಾಕಾತು. ಇಷ್ಟ ಹತ್ರ ಬರಾಕ ಎರಡ ತಾಸ ಬೇಕೇನೋ?"

ಅಪ್ಪ ನನ್ನ ಕಡೆ ಕೈ ತೋರಿಸಿದ.

"ಏನ ಮಾಡೂದಕ್ಕಾ, ಹುಡುಗಿ ಇನ್ನೂ ಹೊಸಬಳದಾಳ. ದಾರಿ ತುಂಬಾ ನಾನ ಕಲಸ್ಕೋತ ಬಂದೀನಿ."

ಅತ್ತಿ ನನ್ನ ಹತ್ತಿರ ಬಂದು ತಲೆ ನೇವರಿಸಿ, "ಇರ್ಲಿ ಬಿಡವಾ, ಬ್ಯಾಸರ ಮಾಡ್ಕೋಬ್ಯಾಡ. ದಿನಾ ನಿಮ್ಮಪ್ಪನ್ನ ಕೂಡಿಸಿಕೊಂಡು ಬಾ, ಕಲೀತಿ" ಎಂದಳು.