ಸಾಹೇಬರ ಕೋಲು ನನ್ನ ತಾಬೆಯಲ್ಲಿದ್ದ ಎಂಟು ದಿವಸ

ವಾಚಕ ಮಹಾಶಯರ ಸನ್ನಿಧಿಗೆ, ರೋಣದ ಕಚೇರಿಯಲ್ಲಿ ಉಮೇದವಾರನಾಗಿದ್ದ ನಾನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಇದು ನನ್ನ ಮೊದಲನೆಯ ಬರಹ. ಅಕ್ಷರಗಳು ಕೋಳಿ ಕೆದರಿದಂತಿವೆ. ಒತ್ತುಗಳು ಬೇಕಾದಲ್ಲಿಲ್ಲ, ಬೇಡವಾದಲ್ಲಿವೆ. ಮಾಫಿ ಇರಲಿ.

ಎರಡು ವರ್ಷ ಸಂಬಳವಿಲ್ಲದೆ ನಕಲು ತೆಗೆಯುತ್ತ ನಾನು ಕಾರಕೂನನ ಹುದ್ದೆಗಾಗಿ ಕಾದಿದ್ದೆ. ಹೀಗಿರಲಾಗಿ ಹೊಲ ಅಳೆಯುವ ಮೋಜಣಿಯ ಸಾಹೇಬರು ತಮ್ಮ ಬಿಲಿಯರ್ಡ್ ಕೋಲನ್ನು ನನ್ನ ಕೈಗಿತ್ತರು. ಹಸಿರು ಬಟ್ಟೆಯ ಮೇಜಿನ ಮೇಲೆ ದಂತದ ಗುಂಡುಗಳನ್ನು ನೂಕುವ ಕೋಲದು. ಅವರು ಹೊಳೆಆಲೂರಿಗೆ ಮುಕ್ಕಾಮಿಗೆ ಹೊರಟಿದ್ದರು; ಅಲ್ಲಿಯ ತಂಪಿಗೆ ಕೋಲು ಬಾಗೀತೆಂದು ಅವರಿಗೆ ಭಯ. ಎಂಟು ದಿವಸಕ್ಕೆ ಮರಳಿ, ಗಜೇಂದ್ರಗಡದ ಸಾವಕಾರರೊಡನೆ ಪಂದ್ಯವಾಡುವವರಿದ್ದರು. ಹುಕುಂ ಮೂರು: ಗೋಡೆಗೆ ಆನಿಸಬಾರದು, ನೀರು ತಾಕಿಸಬಾರದು, ಬಿಸಿಲಿಗಿಡಬಾರದು. ಕೋಲು ನೆಟ್ಟಗಿದ್ದರೆ ನನಗೆ ಹುದ್ದೆ!

ಒಂದು ಕೋಲು ಕಾಯುವುದು ಯಾವ ಮಹಾಕಾರ್ಯ? ನಾನು ಎದೆಯುಬ್ಬಿಸಿ ಮನೆಗೆ ಬಂದೆ. ಬಾಗಿಲಲ್ಲಿಯೇ ಅವ್ವ ಎದುರಾದಳು.

"ಅಯ್ಯ, ಎಷ್ಟ ನುಣಪ ಅದನೋ! ನನಗ ಮಡಿಕೋಲು ತಂದೀಯೇನು? ನಿನ್ನ ಹಡದದ್ದು ಸಾರ್ಥಕ ಆತು ನೋಡು!"

ಒಗೆದ ಸೀರೆಯನ್ನು ಕೈಮುಟ್ಟದೆ ಎತ್ತಿ ಗಳುವಿನ ಮೇಲೆ ಹರವುವುದಕ್ಕೆ ಮಡಿಕೋಲು ಬೇಕು. ಅವ್ವನ ಹಳೆಯದು ಮುರಿದಿತ್ತು. ಆ ಸಂತೋಷದ ಮುಖಕ್ಕೆ ಇಲ್ಲವೆನ್ನಲು ನನ್ನ ನಾಲಿಗೆ ಹೊರಳಲಿಲ್ಲ.

"ತುದೀಗೆ ಏನದು?"

"ಅರಗು, ಅವ್ವಾ."

ಅದು ತೊಗಲು!

ಐದು ದಿವಸ ಅವ್ವ ಅದರಿಂದ ಒದ್ದೆ ಸೀರೆ ಎತ್ತಿದಳು, ಎತ್ತಿ ಗೋಡೆಗೆ ಆನಿಸಿದಳು. ಆರನೆಯ ದಿವಸ ನೆನೆದ ತುದಿ ಕಳಚಿ, ಮಡಿನೀರಿನ ಕೊಡದಲ್ಲಿ ಪುಳಕ್ಕೆಂದು ಬಿತ್ತು. ಅವ್ವ ಎತ್ತಿ ಮೂಸಿದಳು.

"ತೊಗಲು! ಖೋಡೀ, ಐದು ದಿನದ ಮಡಿ ನೀರಾಗ ಹೋತಲ್ಲೋ!"

ಸೀರೆಗಳೆಲ್ಲ ಮತ್ತೆ ಬಾವಿಗೆ ಹೋದವು. ಕೋಲಿಗೂ ಶುದ್ಧಿ ಬೇಡವೇ? ನಾನು ಕಚೇರಿಯಿಂದ ಬರುವಷ್ಟರಲ್ಲಿ ಅದನ್ನು ಗೋಮೂತ್ರದಲ್ಲಿ ತೊಳೆದು ಮಾಳಿಗೆಯ ಬಿಸಿಲಿಗೆ ಇಟ್ಟಾಗಿತ್ತು. ಈ ಪ್ರಕಾರ ಮೂರೂ ಹುಕುಂಗಳ ಭಂಗ ಸಾಂಗವಾಗಿ ನೆರವೇರಿತು. ಕೋಲು ಬಿಲ್ಲಾಗಿತ್ತು.

"ಹೆದಿ ಕಟ್ಟಿದ್ರ ಕಾಗಿ ಹೊಡೀಬಹುದು ನೋಡ್ರಿ," ಎಂದಳು ನನ್ನ ಹೆಂಡತಿ. ನನ್ನ ಮುಖ ಕಂಡು ಮೆತ್ತಗಾದಳು. "ಅಳ್ತೀರ್ಯಾಕ? ಬಡಿಗೇರ ಕಾಳಪ್ಪನ ಕಡೆ ಲಗೂನ ಹೋಗ್ರಿ. ಸೊಟ್ಟ ಬಾರಕೋಲು ನೆಟ್ಟಗ ಮಾಡ್ತಾನಂತ."

ಕಾಳಪ್ಪ ಒಂದು ಕಣ್ಣು ಮುಚ್ಚಿ ಕೋಲಿನುದ್ದಕ್ಕೂ ನೋಡಿದ.

"ಯಾವ ಎತ್ತಿಗೆ ಹೊಡದ್ರಿ ರಾಯರ?"

"ಸಾಹೇಬರು ಆಟಾ ಆಡೂ ಕೋಲಪಾ."

"ಅಷ್ಟ ದೊಡ್ಡಾವ್ರು ಇನ್ನೂ ಆಟಾ ಆಡ್ತಾರೇನ್ರಿ?"

ಬಿಸಿ ಬೂದಿಯ ಮೇಲೆ ಹೊರಳಾಡಿಸಿ ಕಾಯಿಸಿದ. ನೆಟ್ಟನೆಯ ಹಲಗೆಗೆ ಬಿಗಿದು ಎರಡು ದಿವಸ ಇಟ್ಟ. ಇನ್ನು ತುದಿಗೆ ಪಳಗಿದ ತೊಗಲು ಬೇಕೆಂದು ಸುತ್ತಮುತ್ತ ನೋಡಿದವನ ದೃಷ್ಟಿ ನನ್ನ ಪಾದದಲ್ಲಿ ನೆಟ್ಟಿತು. ನನ್ನ ಎಡಗಾಲಿನ ಕೆರವಿನಿಂದ ಒಂದು ಬಿಲ್ಲೆ ಕತ್ತರಿಸಿ ಅಂಟಿಸಿಯೇಬಿಟ್ಟ!

ಗಜೇಂದ್ರಗಡದಲ್ಲಿ ಪಂದ್ಯ. ನಾನು ಮೂಲೆಯಲ್ಲಿ ನಿಂತು ಸಕಲ ದೇವರುಗಳಿಗೂ ಒಂದೊಂದು ಅರ್ಜಿ ಗುಜರಾಯಿಸಿದೆ. ಸಾಹೇಬರು ಗುರಿಯಿಟ್ಟರು, ನೂಕಿದರು. ಗುಂಡು ಹೇಳಿದಲ್ಲಿಗೆ ಹೋಯಿತು! ಮತ್ತೊಮ್ಮೆ ಹೋಯಿತು! ಸಾವಕಾರರು ಸೋತರು. ನನ್ನ ಕೆರವು ಗೆದ್ದಿತು!

"ಕೋಲು ಮೊದಲಿಗಿಂತ ಭಾಳ ಚಲೋ! ಏನು ಮಾಡಿದಿ?" ಎಂದು ಸಾಹೇಬರು ಕೇಳಿದರು.

"ಹುಕುಂ ಪ್ರಕಾರ ಜೋಪಾನ ಮಾಡೀನ್ರಿ, ಸಾಹೇಬ್ರ!"

ಸಭೆಯೆಲ್ಲ ನನ್ನನ್ನೇ ನೋಡಿತು. ಸಾವಕಾರರೇ ಎದ್ದು ಬೆನ್ನು ತಟ್ಟಿದರು. ಹುದ್ದೆ ಅಲ್ಲಿಯೇ ಮಂಜೂರಾಯಿತು. ಕಾರಕೂನ! ಕೆಲಸ: ಸಾಹೇಬರ ಕೋಲನ್ನು ಹೆಗಲ ಮೇಲೆ ಹೊತ್ತು, ಅವರ ಕುದುರೆಯ ಹಿಂದೆ ನಡೆಯತಕ್ಕದ್ದು.

ಮನೆಯಲ್ಲಿ ಹೆಂಡತಿ ಕೇಳಿದಳು: "ಕಾರಕೂನ್ರಿಗೆ ದೌತಿ, ಲೇಖಣಿ ಕೊಟ್ಟಾರೇನ್ರಿ?"

"ಕೋಲು ಕೊಟ್ಟಾರ."

"ಅದನ್ನ? ದಿನಾ ಹೆಗಲ ಮ್ಯಾಲೆ? ಅತ್ತಿಯವರಿಗೆ ಹೇಳಬ್ಯಾಡ್ರಿ ಮತ್ತ. ನಿಮ್ಮನ್ನೂ ತೊಳದು ಮಾಳಗಿ ಮ್ಯಾಲೆ ಇಟ್ಟಾರು!"

ಆದಕಾರಣ ಸರಕಾರದ ಈ ಅಧಿಕಾರಿಯು ಇಂದಿಗೂ ಹಿತ್ತಲ ಬಾಗಿಲಿನಿಂದ ಮನೆ ಸೇರುತ್ತಾನೆ. ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ವಾಚಕರು ದಯಮಾಡಿ ತಿದ್ದಿಕೊಳ್ಳಬೇಕಾಗಿ ವಿನಂತಿ. ಬರೆದವನನ್ನು ತಿದ್ದುವ ಕೆಲಸ ಮನೆಯಲ್ಲಿ ನಡೆದೇ ಇದೆ.